ಸಿಡಿಲಕ್ಕನ ಸೊಟ್ಟ ಬೆರಳು

ಸಿಡಿಲಕ್ಕನ ಕೈಗೆ ಸಿಕ್ಕ ಬುದ್ಧನನ್ನು ಬಿಟ್ಟರೆ ಇನ್ಯಾರಿಗೂ ಅವಳಿಂದ ಶಾಂತಿ ಸಿಕ್ಕಿದ್ದಿಲ್ಲ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಬುದ್ಧನ ಮೂರ್ತಿ ಎರಕ ಹೊಯ್ಯುವ ಶೆಡ್ಡಿನ ಕೆಲಸದವರು ಬೆನ್ನ ಹಿಂದೆ ಈ ಹೆಸರು ಕಟ್ಟಿದರು, ಒಂದು ದಿನ ಅದು ಅವಳ ಕಿವಿಗೇ ಬಿತ್ತು. "ಸಿಡಿಲಂತೆ ಸಿಡಿಲು! ಹೊಡೆದ ಮೇಲೂ ಆಡಿಕೊಳ್ಳೋಕೆ ನೀವು ಉಳಿದಿದ್ದೀರಲ್ಲ, ಅದಕ್ಕೆ ಸಂತೋಷಪಡಿ," ಎಂದಳು. ಅಂದಿನಿಂದ ಎದುರಿಗೇ ಹಾಗೆ ಕರೆಯತೊಡಗಿದರು. ಅವಳೂ "ಏನು?" ಎಂದು ಗದರಿಸಿಯೇ ಓಗೊಡುತ್ತಿದ್ದಳು.

ಉದ್ದನೆಯ ತಗಡಿನ ಶೆಡ್ಡು. ಒಂದು ಕೊನೆಯಲ್ಲಿ ಬಕೀಟುಗಳಲ್ಲಿ ಪ್ಲಾಸ್ಟರ್ ಕಲಸುವ ಜಾಗ, ನಡುವೆ ಎರಕ ಒಣಗಿಸುವ ಅಟ್ಟಣೆಗಳು, ಇನ್ನೊಂದು ಕೊನೆಯಲ್ಲಿ ಕಿಟಕಿಯ ಬೆಳಕಿಗೆ ಸಿಡಿಲಕ್ಕನ ಸ್ಟೂಲು. ಅಚ್ಚಿನಿಂದ ಬಿಚ್ಚಿದ ಬುದ್ಧರೆಲ್ಲ ಕೊನೆಗೆ ಅವಳ ಮುಂದೆ ಬಂದು ಕೂರಬೇಕು. ಅಚ್ಚಿನ ತುಂಡುಗಳು ಸೇರಿದ ಕಡೆ ಎದ್ದ ಏಣನ್ನು ಕೆರೆದು, ಪಾಲಿಶ್ ಪೇಪರಿನಿಂದ ಉಜ್ಜಿ, ಕೊನೆಗೆ ತೆಳ್ಳನೆಯ ಬ್ಲೇಡಿನಲ್ಲಿ ರೆಪ್ಪೆಯ ಗೆರೆ ಗೀರುವುದು ಅವಳ ಕೆಲಸ. ಗೆರೆ ಕೂದಲೆಳೆಯಷ್ಟು ಮೇಲೆ ಹೋದರೆ ಬುದ್ಧ ಸಿಕ್ಕಿಬಿದ್ದ ಕಳ್ಳನ ಹಾಗೆ ಕಾಣುತ್ತಾನೆ. ಕೆಳಗೆ ಬಂದರೆ ತೂಕಡಿಸುವ ಕಾವಲುಗಾರ. ಸಿಡಿಲಕ್ಕ ಬಾಯಲ್ಲಿ ಯಾರನ್ನೋ ಬೈಯುತ್ತಲೇ ಆ ಗೆರೆ ಗೀರುತ್ತಿದ್ದಳು, ಕೈ ಮಾತ್ರ ಒಂದಿಷ್ಟೂ ಅಲುಗುತ್ತಿರಲಿಲ್ಲ.

ಬೈಯಲು ಜನಕ್ಕೇನು ಬರ? ಗಿರಾಕಿಗಳೇ ಸಾಲುಸಾಲು ಸಿಗುತ್ತಿದ್ದರು. ಒಬ್ಬರಿಗೆ ಬೂದು ಬಣ್ಣದ ಸೋಫಾಗೆ ಹೊಂದುವ ಬುದ್ಧ ಬೇಕು. ಇನ್ನೊಬ್ಬರಿಗೆ ಸ್ನಾನದ ಮನೆಯ ಬಾತ್‌ಟಬ್ಬಿನ ಮೂಲೆಗೆ ಬೇಕು, ನೀರು ಬಿದ್ದರೆ ಬಣ್ಣ ಹೋಗಬಾರದು. ಮತ್ತೊಬ್ಬರಿಗೆ ತಲೆಯ ಮೇಲಿಂದ ಕಾರಂಜಿ ಚಿಮ್ಮಬೇಕು. "ಪಾಪ, ಹೆಂಡತಿ ಮಕ್ಕಳನ್ನ ಬಿಟ್ಟು, ಮನೆಯೇ ಬೇಡ ಅಂತ ಎದ್ದು ಹೋದ ಮಹಾರಾಯ! ಅವನನ್ನ ಹಿಡ್ಕೊಂಡು ಬಂದು ಮನೆ ಅಲಂಕಾರಕ್ಕೆ ಕೂರಿಸ್ತಾರಲ್ಲ," ಎನ್ನುತ್ತಿದ್ದಳು ಸಿಡಿಲಕ್ಕ. "ನಮ್ಮ ಎರಕದ ಹಾಗೆ ಇವರ ತಲೆನೂ ಒಳಗೆ ಟೊಳ್ಳೇ ಇರಬೇಕು."

ಆದರೆ ಶೆಡ್ಡಿನಲ್ಲಿ ಅವಳು ಬೈಯದ ಬುದ್ಧ ಒಬ್ಬನಿದ್ದ. ಅಟ್ಟಣೆಯ ತುದಿಯಲ್ಲಿ, ಹಳೆಯ ದುಪ್ಪಟಿ ಹೊದ್ದು ಕೂತಿದ್ದ ಮೂಲಮೂರ್ತಿ ಅದು. ಅವಳ ಗಂಡ ಮಾಡಿದ್ದು. ಅದರ ಮೇಲೆ ಪ್ಲಾಸ್ಟರ್ ಹೊಯ್ದೇ ಅಚ್ಚು ತೆಗೆಯುವುದು, ಆ ಅಚ್ಚಿನಿಂದಲೇ ಎರಕಗಳೆಲ್ಲ ಹುಟ್ಟುವುದು. ಶೆಡ್ಡಿನ ಅನ್ನವೆಲ್ಲ ಆ ಒಂದು ಮೂರ್ತಿಯಿಂದ.

ಗಂಡ ಮಾತಿಲ್ಲದ ಮನುಷ್ಯ. ಇಬ್ಬರ ಪಾಲಿನ ಮಾತನ್ನೂ ಇವಳೇ ಆಡುತ್ತಿದ್ದಳು. ಅವನು ಕೆಲಸಕ್ಕೆ ಕೂತನೆಂದರೆ ತಲೆ ತಗ್ಗಿ ಗದ್ದ ಎದೆಗೆ ತಾಗುತ್ತಿತ್ತು. "ತಲೆ ಎತ್ರೀ, ಕತ್ತು ಕಳಚಿ ಬಿದ್ದೀತು," ಎಂದು ಇವಳು, "ಹ್ಞೂಂ," ಎಂದು ಅವನು. ತಲೆ ಏಳುತ್ತಿರಲಿಲ್ಲ. ಆ ಮೂರ್ತಿಗೆ ಮುಖ, ಭುಜ, ಮಡಿಲು ಎಲ್ಲ ಆಗಿ, ಕೈ ಮಾತ್ರ ಕೂಡಿಬರದೆ ಒದ್ದಾಡುತ್ತಿದ್ದಾಗ ಒಂದು ಸಂಜೆ ಅಡುಗೆಮನೆಗೆ ಬಂದು, "ಸ್ವಲ್ಪ ಬಂದು ಕೂತ್ಕೋ. ಕೈ ಮಡಿಲಲ್ಲಿ ಇಟ್ಕೋ. ಸುಮ್ನೆ," ಎಂದ.

"ಒಲೆ ಮೇಲೆ ಹಾಲಿದೆ, ತೊಟ್ಟೀಲಿ ಪಾತ್ರೆ ಇದೆ, ಸುಮ್ನೆ ಕೂರಬೇಕಂತೆ!" ಎಂದು ರೇಗುತ್ತಲೇ ಕೂತಳು. ಎಷ್ಟೋ ಸಂಜೆ ಹಾಗೆ ಕೂತಳು, ಕೂತಷ್ಟೂ ಹೊತ್ತು ಜಗಳವಾಡಿದಳು. ಅವನು ತಲೆ ಬಗ್ಗಿಸಿ ಅವಳ ಕೈಯನ್ನೇ ನೋಡುತ್ತ ಮಣ್ಣು ತಿದ್ದಿದ. ಮದುವೆಯಾಗಿ ಬಂದ ಮೇಲೆ ಕೆಲಸ ಬಿಟ್ಟು ಸುಮ್ಮನೆ ಕೂರು ಎಂದು ಅವಳಿಗೆ ಹೇಳಿದವನು ಅವನೊಬ್ಬನೇ, ಹೇಳಿದ್ದೂ ಆಗ ಮಾತ್ರ. ಅವಳ ಎಡಗೈಯ ಕಿರುಬೆರಳು ಹಿಂದೊಮ್ಮೆ ಶೆಡ್ಡಿನ ಕಬ್ಬಿಣದ ಬಾಗಿಲಿಗೆ ಸಿಕ್ಕಿ ಮುರಿದು, ಸೊಟ್ಟಗೇ ಕೂಡಿಕೊಂಡಿತ್ತು. ಮೂರ್ತಿಯ ಕೈಯಲ್ಲೂ ಅದು ಸೊಟ್ಟಗೇ ಬಂದಿತ್ತು. "ಅಯ್ಯೋ, ನೆಟ್ಟಗೆ ಮಾಡ್ರೀ, ಜನ ನಗ್ತಾರೆ," ಎಂದಳು. "ಇರಲಿ ಬಿಡು, ಅದು ನಿಂದು," ಎಂದ. ಅಷ್ಟೇ ಮಾತು. ಮಣ್ಣಿನಿಂದ ಪ್ಲಾಸ್ಟರಿಗೆ ಇಳಿಸಿ, ಎಣ್ಣೆ ಕುಡಿಸಿ, ಮೂರ್ತಿಯನ್ನು ಅಟ್ಟಣೆಗೆ ಏರಿಸಿದ ಕೆಲವೇ ತಿಂಗಳಿಗೆ ಕೆಮ್ಮು ಅವನನ್ನು ಹಾಸಿಗೆ ಹಿಡಿಸಿತು. ಎದೆಯ ತುಂಬ ಪ್ಲಾಸ್ಟರಿನ ಪುಡಿ ಎಂದರು ಡಾಕ್ಟರು. ಊರವರ ಮನೆಗೆಲ್ಲ ಶಾಂತಿ ಹಂಚಿದವನು ಉಸಿರಿಗೆ ಒದ್ದಾಡಿ ಸತ್ತ. ಅವತ್ತಿನಿಂದ ಸಿಡಿಲಕ್ಕನ ಸಿಟ್ಟು ಎರಡು ಪಟ್ಟಾಯಿತು, ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಶೆಡ್ಡು ಮೈದುನನ ಕೈಗೆ ಬಂತು. ಮೈದುನ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈಯುವುದು ಎಷ್ಟೋ ಸಲೀಸಾಗುತ್ತಿತ್ತು. ಅವನು ಅವಸರದವನು. ಪ್ಲಾಸ್ಟರ್ ಬಿಸಿ ಆರುವ ಮುಂಚೆ ಅಚ್ಚು ಬಿಚ್ಚುವವನು, ಹಾಲು ಒಲೆಗಿಡುವ ಮುಂಚೆ ಉಕ್ಕಿತಾ ಎಂದು ಕೇಳುವವನು. ಅಣ್ಣ ಕಟ್ಟಿದ್ದನ್ನು ದೊಡ್ಡದು ಮಾಡಬೇಕೆಂಬ ಆಸೆ ಅವನಿಗೆ ಬಹಳ ಇತ್ತು, ತಾಳ್ಮೆ ಒಂದು ಇರಲಿಲ್ಲ.

ಹೀಗಿರುವಾಗ ಪೇಟೆಯಲ್ಲಿ ಮನೆ ಅಲಂಕಾರದ ದೊಡ್ಡ ಅಂಗಡಿ ಇಟ್ಟಿದ್ದ ಒಬ್ಬರು ಮೇಡಂ ಶೆಡ್ಡಿಗೆ ಚಿತ್ತೈಸಿದರು. ಧೂಳಿಗೆ ಮೂಗಿನ ಮೇಲೆ ಕರ್ಚೀಫು ಒತ್ತಿಕೊಂಡೇ, "ಆಹಾ, ಎಷ್ಟು ಪಾಸಿಟಿವ್ ಎನರ್ಜಿ ಇದೆ ಇಲ್ಲಿ!" ಎಂದರು. ಆ ಎನರ್ಜಿಯನ್ನೇ ಉಸಿರಾಡಿ ಸತ್ತವನ ಹೆಂಡತಿ ಎದುರಿಗೇ ಸ್ಟೂಲಿನ ಮೇಲೆ ಕೂತಿದ್ದಳು. ಹಲ್ಲು ಕಚ್ಚಿಕೊಂಡಳು. ಮೈದುನ ಹಲ್ಲು ಕಿಸಿದ. ಅಣ್ಣನ ಮೂರ್ತಿಯ ದುಪ್ಪಟಿ ಸರಿಸಿ ತೋರಿಸಿದ.

ಮೇಡಂ ಮುಖ ನೋಡಿ ಮೆಚ್ಚಿದರು. ಆಮೇಲೆ ಬಗ್ಗಿ, ಉಗುರುಬಣ್ಣದ ಬೆರಳಿನಿಂದ ಮೂರ್ತಿಯ ಕೈ ತೋರಿಸಿದರು. "ಇದು ಡಿಫೆಕ್ಟ್ ಅಲ್ವಾ? ಬೆರಳು ಸೊಟ್ಟಗಿದೆ. ನಮ್ಮ ಗಿರಾಕಿಗಳು ಹೀಗಿದ್ರೆ ವಾಪಸ್ ಕಳಿಸ್ತಾರೆ."

ಸಿಡಿಲಕ್ಕನ ಎಡಗೈ ತನ್ನಷ್ಟಕ್ಕೆ ತಾನೇ ಕೆಲಸಕ್ಕೆ ಕಟ್ಟಿಕೊಂಡಿದ್ದ ಮುಂಬಟ್ಟೆಯ ಕೆಳಗೆ ಹೋಗಿ ಅವಿತುಕೊಂಡಿತು. ಅದು ಅವಿತಿದ್ದು ಕಂಡು ಅವಳಿಗೆ ಬಂದ ಕೋಪ ಅಷ್ಟಿಷ್ಟಲ್ಲ. ಮೇಡಂ ಮೇಲಿನದಕ್ಕಿಂತ ತನ್ನ ಕೈಯ ಮೇಲೇ ಹೆಚ್ಚು. ಇಷ್ಟು ವರ್ಷ ಯಾರ ಮುಂದೆಯೂ ಬಚ್ಚಿಡದ ಕೈ, ಒಂದು ಉಗುರುಬಣ್ಣದ ಬೆರಳಿಗೆ ಹೆದರಿತೇ?

"ಹೇಗೂ ಕೈ ಯಾಕೆ ಬೇಕು?" ಎಂದರು ಮೇಡಂ. "ಈಗ ಎಲ್ರೂ ತಲೆನೇ ಕೇಳೋದು. ಬರೀ ತಲೆ. ಶೆಲ್ಫ್ ಮೇಲೆ ಕೂರುತ್ತೆ, ಜಾಗ ಉಳಿಯುತ್ತೆ, ನೋಡೋಕೂ ಕ್ಲಾಸಾಗಿರುತ್ತೆ. ತಲೆ ಕೊಡೋದಾದ್ರೆ ಎಷ್ಟಾದ್ರೂ ತಗೋತೀನಿ."

ಅವರು ಕಾರು ಹತ್ತಿದ ಮೇಲೆ ಶುರುವಾಯಿತು ನೋಡಿ.

ಸಂಗತಿ ಇಷ್ಟು. ಹಳೆಯ ಅಚ್ಚು ಸವೆದು ಹೋಗಿತ್ತು. ಹೇಗೂ ಮೂಲಮೂರ್ತಿಯಿಂದ ಹೊಸದು ತೆಗೆಯಬೇಕಿತ್ತು. ಕೈಯಿರುವ ಕಡೆ ಅಚ್ಚನ್ನು ತುಂಡುತುಂಡಾಗಿ ತೆಗೆಯಬೇಕು, ಅದು ವಾರಗಟ್ಟಲೆಯ ರಗಳೆ. ಬರೀ ತಲೆಯಾದರೆ ಮುಂದೊಂದು ಹಿಂದೊಂದು ಹೊಯ್ದು ಮುಗಿಸಬಹುದು. ಆದರೆ ಗದ್ದದ ಕೆಳಗೆ ಭುಜ ಅಡ್ಡ ಬರುತ್ತದೆ. "ಕತ್ತಿನ ಹತ್ರ ಕೊಯ್ದುಬಿಡೋಣ ಅತ್ತಿಗೆ," ಎಂದ ಮೈದುನ. "ತಲೆನ ಮೇಜಿನ ಮೇಲಿಟ್ಕೊಂಡ್ರೆ ಅರ್ಧ ದಿನದ ಕೆಲಸ."

"ಯಾರ ಕತ್ತು ಕೊಯ್ಯೋದು?"

"ಪ್ಲಾಸ್ಟರ್ ಕತ್ತು ಅತ್ತಿಗೆ! ಏನೋ ಕೊಲೆ ಮಾಡ್ತಿರೋ ಹಾಗೆ ಆಡ್ಬೇಡಿ."

"ನಿಮ್ಮಣ್ಣ ಬದುಕಿನಲ್ಲಿ ಇಡಿಯಾಗಿ ಮಾಡಿ ಮುಗಿಸಿದ್ದು ಅದೊಂದೇ. ಭುಜ ಅಡ್ಡ ಬಂದ್ರೆ ಬರಲಿ, ಗದ್ದದ ಕೆಳಗೆ ಕೈ ಹಾಕಿ ತುಂಡುತುಂಡಾಗಿ ನಾನು ತೆಗೀತೀನಿ ಅಚ್ಚು. ತಲೆದೇ ಬೇಕಾದ್ರೆ ತಲೆದೇ ತೆಗೀತೀನಿ. ಗರಗಸ ಮುಟ್ಟಿದ್ಯೋ, ನೋಡು!"

"ನೀವು ತೆಗೆಯೋಷ್ಟರಲ್ಲಿ ಮೇಡಂ ಬೇರೆ ಕಡೆ ತಗೊಂಡಿರ್ತಾರೆ."

"ತಗೊಳ್ಳಲಿ! ಅವಳ ಗಿರಾಕಿಗಳಿಗೆ ತಲೆ ಇಲ್ಲ ಅಂತ ನಾನು ಇವನ ತಲೆ ತೆಗೆದುಕೊಡ್ಬೇಕಾ?"

ಕೆಲಸದವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮೈದುನ ನಗಲಿಲ್ಲ. "ಆಯ್ತು ಬಿಡಿ, ನಿಮ್ಮಿಷ್ಟ," ಎಂದ. ಆ ಮಾತನ್ನು ಅವಳು ನಂಬಿದಳು. ಜೋರು ಬಾಯಿಯವರಿಗೆ ಇದೊಂದು ಕಷ್ಟ. ಎದುರಿನವನು ಬಾಯಿ ಮುಚ್ಚಿದರೆ ಒಪ್ಪಿದ ಅಂದುಕೊಂಡುಬಿಡುತ್ತಾರೆ.

ಅದೇ ವಾರ ಅವಳ ಹಳೆಯ ಕನ್ನಡಕ ಒಡೆಯಿತು. ಕನ್ನಡಕವಿಲ್ಲದೆ ರೆಪ್ಪೆಯ ಗೆರೆ ಆಗುತ್ತದೆಯೇ? ಹೊಸದು ಮಾಡಿಸಲು ಪೇಟೆಗೆ ಹೋದಳು. ಸಂಜೆ ಹೊಸ ಕನ್ನಡಕ ಹಾಕಿಕೊಂಡೇ ಶೆಡ್ಡಿಗೆ ಬಂದಳು. ಬಾಗಿಲಲ್ಲಿ ನಿಂತು ಮೊದಲು ಸ್ಪಷ್ಟವಾಗಿ ಕಂಡದ್ದು ಮೇಜಿನ ಮೇಲೆ ಕೂತಿದ್ದ ತಲೆ. ಕತ್ತಿನ ಕೊಯ್ತ ಬೆಳ್ಳಗಿತ್ತು. ಮೇಜಿನ ಮೇಲೆ ಅಲುಗದೆ ಕೂರಲೆಂದು ಆ ಕೊಯ್ತದ ಮುಂಭಾಗವನ್ನು ಅರದಿಂದ ಉಜ್ಜಿಯೂ ಆಗಿತ್ತು. ಒಡಲು ಬಾಗಿಲ ಹಿಂದೆ, ಒಡೆದ ಎರಕಗಳ ರಾಶಿಯ ಮೇಲೆ ಮಲಗಿತ್ತು. ಮಡಿಲಲ್ಲಿ ಎರಡು ಕೈ, ಸೊಟ್ಟ ಕಿರುಬೆರಳು.

ಎಲ್ಲರೂ ಸಿಡಿಲಿಗೆ ಕಾದರು. ಸಿಡಿಲು ಬೀಳಲಿಲ್ಲ. ಸಿಡಿಲಕ್ಕ ತಳ್ಳುಗಾಡಿ ಎಳೆದುತಂದಳು. ಒಡಲನ್ನು ಒಬ್ಬಳೇ ತಬ್ಬಿ ಎತ್ತಿ ಗಾಡಿಗೆ ಹಾಕಿದಳು. ಸಹಾಯಕ್ಕೆ ಬಂದ ಕೆಲಸದವನಿಗೆ, "ಮುಟ್ಟಿದ್ರೆ ಕೈ ಮುರೀತೀನಿ," ಎಂದು ಮೆಲ್ಲಗೆ ಹೇಳಿದಳು. ಆ ಮೆಲುದನಿಗೆ ಅವನು ಹೆದರಿದಷ್ಟು ಅವಳ ಬೊಬ್ಬೆಗೆ ಎಂದೂ ಹೆದರಿರಲಿಲ್ಲ. ಮೈದುನ, "ಅತ್ತಿಗೆ, ಕೇಳಿ ಇಲ್ಲಿ, ಒಂದು ಮಾತು," ಎಂದು ಬೀದಿಯ ತಿರುವಿನವರೆಗೂ ಹಿಂದೆ ಬಂದ. ಅವಳು ತಿರುಗಿ ನೋಡಲಿಲ್ಲ. ಬೀದಿಯ ಕೊನೆಯಲ್ಲಿದ್ದ ತನ್ನ ಎರಡು ಕೋಣೆಯ ಮನೆಗೆ ಗಾಡಿ ನೂಕಿಕೊಂಡು ಹೋದಳು, ಬಾಗಿಲು ಹಾಕಿಕೊಂಡಳು, ಕೆಲಸಕ್ಕೆ ಹೋಗುವುದನ್ನು ಬಿಟ್ಟಳು.

ಮನೆಯಲ್ಲಿ ತಲೆಯಿಲ್ಲದ ಬುದ್ಧ ಕಿಟಕಿಯ ಪಕ್ಕ ಕೂತ. ಬಂದ ನೆರೆಯವಳು ಬೆಚ್ಚಿ, "ಇದೇನಕ್ಕ, ಇದರ ತಲೆ ಎಲ್ಲಿ?" ಎಂದಳು. "ಶೆಲ್ಫ್ ಮೇಲೆ ಕೂರೋಕೆ ಹೋಗಿದೆ," ಎಂದಳು ಸಿಡಿಲಕ್ಕ. 

ಅತ್ತ ಶೆಡ್ಡಿನಲ್ಲಿ ಮೈದುನ ಅಚ್ಚು ತೆಗೆಯಲು ಹೊರಟ. ಈಗ ಕೇಳಿ ಅವನ ಬುದ್ಧಿವಂತಿಕೆ. ಪ್ಲಾಸ್ಟರಿನ ಮೇಲೆ ಪ್ಲಾಸ್ಟರ್ ಹೊಯ್ಯುವ ಮುಂಚೆ ನಡುವೆ ಸೋಪಿನ ಪದರ ಬೇಕೇ ಬೇಕು. ಸೋಪನ್ನು ನೀರಲ್ಲಿ ಕುದಿಸಿ, ಚೂರು ಎಣ್ಣೆ ಬೆರೆಸಿ, ಬ್ರಶ್ಶಿನಲ್ಲಿ ಹಚ್ಚಿ, ಒರೆಸಿ, ಒಣಗಿಸಿ, ಮತ್ತೆ ಹಚ್ಚಬೇಕು. ಇಲ್ಲದಿದ್ದರೆ ಹೊಸದು ಹಳೆಯದಕ್ಕೆ ಕಚ್ಚಿಕೊಂಡು ಎರಡೂ ಒಂದೇ ಗಟ್ಟಿಯಾಗುತ್ತದೆ. ಇದನ್ನು ಅವನು ಅರಿಯದವನೇನಲ್ಲ. ಆದರೆ ಇಷ್ಟು ವರ್ಷ ಹಿಂದಿನ ದಿನವೇ ಸೋಪು ಹಚ್ಚಿ ಇಟ್ಟಿರುತ್ತಿದ್ದವಳು ಸಿಡಿಲಕ್ಕ. ಅವನು ಬೆಳಿಗ್ಗೆ ಬಂದು ಹೊಯ್ಯುತ್ತಿದ್ದ. ಅವತ್ತೂ ಬೆಳಿಗ್ಗೆ ಬಂದ, ಎಣ್ಣೆ ಕುಡಿದು ನುಣ್ಣಗೆ ಹೊಳೆಯುತ್ತಿದ್ದ ತಲೆ ಕಂಡ, ಹಚ್ಚಿದೆ ಅಂದುಕೊಂಡ, ಹೊಯ್ದ. ಮಧ್ಯಾಹ್ನ ಬಿಚ್ಚಲು ಹೋದರೆ ಬಿಚ್ಚುವುದಕ್ಕೆ ಏನೂ ಇಲ್ಲ. ಕುಂಬಳಕಾಯಿಯ ಹಾಗೆ ಒಂದು ಬಿಳಿಯ ಗುಂಡು, ಅದರೊಳಗೆಲ್ಲೋ ಅಣ್ಣ ಮಾಡಿದ ಮುಖ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮೈದುನ ಸಿಡಿಲಕ್ಕನ ಬಾಗಿಲಿಗೆ ಬಂದು ನಿಂತ.

"ಅತ್ತಿಗೆ, ತಪ್ಪಾಯ್ತು. ಸೋಪು ಹಚ್ಚಿರಲಿಲ್ಲ."

ಅವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಗೋಡೆಗೆ ಒರಗಿದಳು. ಆಮೇಲೆ ಬಾಯಿ ಬಿಟ್ಟಳು ನೋಡಿ, ಬೀದಿಯ ಎರಡೂ ಕಡೆಯ ಕಿಟಕಿ ತೆರೆದವು. "ಮೂರ್ಖ! ಕೊಯ್ದಿದ್ದು ಸಾಲದು ಅಂತ ಹೂತೂ ಬಿಟ್ಯಾ? ನಿಮ್ಮಣ್ಣನ್ನ ಒಂದು ಸಲ ಮಣ್ಣು ಮಾಡಿದ್ದು ಸಾಕಾಗಲಿಲ್ವಾ ನಿಂಗೆ? ಬಾಯಲ್ಲಿ ಅಣ್ಣ ಅಣ್ಣ ಅಂತೀಯ, ಅವನ ಕೈಕೆಲಸದ ಮೇಲೆ ಒಂದು ಹೊತ್ತು ನಿಧಾನವಾಗಿ ಕೂರೋಕಾಗಲ್ಲ!"

ಮೈದುನ ತಲೆ ತಗ್ಗಿಸಿ ನಿಂತಿದ್ದ. "ಸುತ್ತಿಗೇಲಿ ಒಡೆದು ನೋಡೋಣ ಅಂತಿದ್ದೆ," ಎಂದ.

"ಆ ಸುತ್ತಿಗೆ ತಗೊಂಡು ನಿನ್ನ ತಲೆಗೆ ಹೊಡ್ಕೋ," ಎಂದು ಸಿಡಿಲಕ್ಕ ಚಪ್ಪಲಿ ಮೆಟ್ಟಿ ಶೆಡ್ಡಿಗೆ ನಡೆದಳು.

ಗುಂಡಿನ ಮುಂದೆ ಸ್ಟೂಲು ಎಳೆದು ಕೂತಳು. ಸಣ್ಣ ಉಳಿ, ಸಣ್ಣ ಮರದ ಕೊಡತಿ. ಹೊರಗಿನದು ಹೊಸ ಪ್ಲಾಸ್ಟರ್, ಮೆತ್ತಗಿನ ಬಿಳಿ. ಒಳಗಿನದು ಹಳೆಯದು, ಎಣ್ಣೆ ಕುಡಿದು ಕೆನೆಯ ಬಣ್ಣಕ್ಕೆ ತಿರುಗಿದ್ದು. ಉಳಿಗೆ ತಗುಲಿದರೆ ಬೇರೆ ಸದ್ದು ಬರುತ್ತದೆ, ಆದರೆ ಆ ಸದ್ದು ಕೇಳುವಷ್ಟರಲ್ಲಿ ಗೀರು ಬಿದ್ದಿರಲೂಬಹುದು. ಚೂರುಚೂರಾಗಿ ಎಬ್ಬಿಸತೊಡಗಿದಳು. ಹಗಲೆಲ್ಲ ಕೂತಳು, ಮರುದಿನ ಮತ್ತೆ ಬಂದಳು, ಅದರ ಮರುದಿನವೂ. ಬಾಯಲ್ಲಿ ಒಂದು ಮಾತಿಲ್ಲ. ಬೈಗುಳ ಕೇಳಿಕೊಂಡೇ ಕೆಲಸ ಮಾಡಿ ರೂಢಿಯಾದವರಿಗೆ ಶೆಡ್ಡು ಬಿಕೋ ಎನ್ನಿಸಿತು.

ಸಿಟ್ಟು ಇಳಿದಿರಲಿಲ್ಲ. ಸುಮ್ಮನಿದ್ದದ್ದು ಅದಕ್ಕೇ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಗಾದೆ ಹೇಳುತ್ತಾರಲ್ಲ, ಅವಳ ಉಳಿ ಆಗ ನಿಜವಾಗಿಯೂ ಮೂಗಿನ ತುದಿಯಲ್ಲಿತ್ತು. ಒಂದು ಬೈಗುಳ ಬಾಯಿಂದ ಹೊರಟರೂ ಕೈ ಅಲುಗೀತು ಎಂದು ಅವಳಿಗೆ ಜೀವಮಾನದಲ್ಲಿ ಮೊದಲ ಬಾರಿ ಭಯವಾಗಿತ್ತು.

ಮೂಗು ಬಂತು. ತುಟಿ ಬಂತು. ಎಡಕಿವಿಯ ತುದಿ ಹೊಸ ಪ್ಲಾಸ್ಟರಿನ ಜೊತೆಗೇ ಕಿತ್ತುಕೊಂಡು ಹೋಯಿತು. ಅವಳು ಕಣ್ಣು ಮುಚ್ಚಿ, ತೆರೆದು, ಮತ್ತೆ ಉಳಿ ಹಿಡಿದಳು. ಕೊನೆಗೆ ರೆಪ್ಪೆಗಳ ಮೇಲಿನ ಬಿಳಿಯನ್ನು ಉಗುರಿನಿಂದಲೇ ಕೆರೆದು ತೆಗೆದಳು. ಗಂಡ ಗೀರಿದ ಗೆರೆ ಇದ್ದ ಹಾಗೇ ಇತ್ತು. ತಾನು ಇಷ್ಟು ವರ್ಷ ಎರಕಗಳ ಮೇಲೆ ಗೀರುತ್ತ ಬಂದದ್ದು ಆ ಗೆರೆಯನ್ನೇ.

ಹಿಂದಿನಿಂದ ಮೈದುನನ ನಿಟ್ಟುಸಿರು ಕೇಳಿಸಿತು. "ಸದ್ಯ ಬದುಕಿದೆವು! ಅತ್ತಿಗೆ, ನಿಮ್ಮ ಕೈಗೆ ನಿಮ್ಮ ಕೈಯೇ ಸಾಟಿ. ಈಗಲೇ ಸೋಪು ಹಚ್ಚಿಬಿಡಿ, ಬೆಳಿಗ್ಗೆ ಹೊಯ್ದುಬಿಡ್ತೀನಿ. ಮೇಡಂ ಇನ್ನೂ ಕಾಯ್ತಿದ್ದಾರೆ."

ಸಿಡಿಲಕ್ಕ ಎದ್ದಳು. ಮುಂಬಟ್ಟೆ ಬಿಚ್ಚಿದಳು, ತಲೆಯನ್ನು ಅದರಲ್ಲಿ ಸುತ್ತಿ ಕಂಕುಳಲ್ಲಿ ಇರುಕಿಕೊಂಡಳು. ಅವನು ದಾರಿಗೆ ಅಡ್ಡ ಬಂದ.

"ಅತ್ತಿಗೆ! ಶೆಡ್ಡಿನ ಗತಿ? ಮೇಡಂಗೆ ಏನು ಹೇಳಲಿ?"

"ತಲೆ ಬೇಕಾದ್ರೆ ನಿಂದೇ ಅಚ್ಚು ತೆಗೆಸಿ ಕೊಡು. ಕಣ್ಣು ನಾನೇ ಗೀರಿಕೊಡ್ತೀನಿ. ಸರಿ, ದಾರಿ ಬಿಡು."

ಬಿಟ್ಟ. ಬಿಡದೆ ಏನು ಮಾಡುತ್ತಾನೆ?

ಮನೆಗೆ ಬಂದು ತಲೆಯನ್ನು ಒಡಲಿನ ಮೇಲೆ ಇಟ್ಟು ನೋಡಿದಳು. ಕೂರಲಿಲ್ಲ. ಗರಗಸ ತಿಂದಷ್ಟು ಕತ್ತು ಕಮ್ಮಿಯಾಗಿತ್ತು. ಅರ ಹಾಕಿದ್ದರಿಂದ ಮುಂಭಾಗ ಇನ್ನಷ್ಟು ಸವೆದಿತ್ತು. ತಲೆ ಮುಂದಕ್ಕೆ ಬಾಗಿತು. ಮೊದಲು ಎದುರಿಗಿದ್ದವರನ್ನು ನೋಡುತ್ತಿದ್ದ ಬುದ್ಧ ಈಗ ನೆಲ ನೋಡಿದ. "ಇದನ್ನೂ ಕೆಡಿಸಿದ, ಹಾಳಾದವನು, ಅವನ ಅವಸರಕ್ಕೆ ಬೆಂಕಿ ಬೀಳ!" ಎಂದು ಹಲ್ಲು ಕಡಿಯುತ್ತ ಬಟ್ಟಲಿನಲ್ಲಿ ಪ್ಲಾಸ್ಟರ್ ಕಲಸಿದಳು. ಗದ್ದದ ಕೆಳಗೆ ಚಕ್ಕೆ ಕೊಟ್ಟು ತಲೆಯನ್ನು ನೆಟ್ಟಗೆ ಎತ್ತಿ ನಿಲ್ಲಿಸುವುದೆಂದು ಒಂದು ಮರದ ಚಕ್ಕೆಯನ್ನೂ ಹುಡುಕಿ ತಂದಳು. ಬದಿಯಲ್ಲಿ ಕೂತು, ಕನ್ನಡಕ ಒರೆಸಿಕೊಂಡು, ಎಲ್ಲಿ ಕೊಡಬೇಕೆಂದು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಚಕ್ಕೆಯನ್ನು ಮೂಲೆಗೆ ಎಸೆದು, ತಲೆ ಬಾಗಿದ್ದ ಹಾಗೇ ಸಂದಿಗೆ ಪ್ಲಾಸ್ಟರ್ ತುಂಬಿ ಸವರಿದಳು.

ಸಂಜೆಗೆ ಮೈದುನ ಬಂದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿರಬೇಕು. "ಅತ್ತಿಗೆ, ಶೆಡ್ಡು ಇಬ್ಬರದೂ, ಮೂರ್ತಿನೂ ಇಬ್ಬರದೂ, ನೀವೊಬ್ರೇ ಹೀಗೆ..." ಎನ್ನುತ್ತಲೇ ಬಾಗಿಲು ತಳ್ಳಿದ. ಅಲ್ಲೇ ನಿಂತ. ಕಿಟಕಿಯ ಪಕ್ಕ ಗದ್ದವನ್ನು ಎದೆಗೆ ತಾಗಿಸಿಕೊಂಡು, ಮಡಿಲಲ್ಲಿದ್ದ ಸೊಟ್ಟ ಬೆರಳನ್ನೇ ನೋಡುತ್ತ ಮೂರ್ತಿ ಕೂತಿತ್ತು. 

"ಅಣ್ಣ ಹೀಗೇ ಅಲ್ವಾ ಅತ್ತಿಗೆ," ಎಂದ ಕೊನೆಗೆ, "ಕೂರ್ತಿದ್ದದ್ದು?"

ಸಿಡಿಲಕ್ಕ ತಿರುಗಲಿಲ್ಲ. ಬಟ್ಟಲಿಗೆ ಅಂಟಿದ ಪ್ಲಾಸ್ಟರನ್ನು ಚಮಚದಿಂದ ಜೋರಾಗಿ ಕೆರೆಯುತ್ತಿದ್ದಳು.

"ಗೊತ್ತು ನಂಗೆ," ಎಂದಳು. "ಬೀದಿ ಧೂಳೆಲ್ಲ ಒಳಗೆ ಬರ್ತಿದೆ. ಹೋಗ್ತಾ ಬಾಗಿಲು ಎಳ್ಕೊಂಡು ಹೋಗು."